ಲೆಕ್ಕಕ್ಕೆ ಸಿಗದ ನೀರು

ನಮ್ಮ ಕೆರೆಯ ನೀರಿಗೆ ಹುಟ್ಟಿನಿಂದಲೇ ಚಹಾದ ಬಣ್ಣ.
ಜೌಗಿನ ಪಾಚಿ ಕಟ್ಟುವ ಬಣ್ಣ ಅದು,
ಮದುವೆಯ ಬಿಳಿ ಉಡುಪನ್ನೂ ಬಿಡುವುದಿಲ್ಲ.
ಪಂಪ್‌ಮನೆಯ ಬಾಗಿಲಿಗೆ ಹನ್ನೊಂದು ವರ್ಷದಿಂದ ಒಂದೇ ಚೀಟಿ:
ಕುದಿಸಿ ಕುಡಿಯಿರಿ.
ಮಾಸಿ ಮಾಸಿ ಕಾಗದ ಮೂರು ಸಲ ಬದಲಾಯಿತು,
ಮಾತು ಬದಲಾಗಲಿಲ್ಲ.

ಹ್ಯಾಗ್ಡನ್ ಕೋವ್, ನ್ಯೂಫೌಂಡ್‌ಲ್ಯಾಂಡಿನ ಈಶಾನ್ಯದ ಅಂಚು.
ಐವತ್ತೆಂಟು ಮನೆ, ಒಂದು ಚರ್ಚು,
ಒಂದು ನೀರಿನ ಕಚೇರಿ. ಅಲ್ಲಿ ನಾನು, ಅರ್ಧ ದಿನದ ಗುಮಾಸ್ತೆ;
ಉಳಿದದ್ದೆಲ್ಲ ಗಾರ್ಲ್ಯಾಂಡ್ ಕೀಪಿಂಗ್.

ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆಯೇ ಎನ್ನುವವರು
ಇಲ್ಲಿಗೆ ಬಂದು ನೋಡಬೇಕು.
ನಮ್ಮ ನಾಯಕನ ಕೈಯಲ್ಲಿ ನಿಜಕ್ಕೂ ಒಂದು ದೊಣ್ಣೆ,
ಅವನಪ್ಪನ ಮುರಿದ ಹುಟ್ಟಿನ ಹಿಡಿ.
ಒಂದು ತುದಿ ವಾಲ್ವಿಗೆ, ಇನ್ನೊಂದು ಕಿವಿಗೆ.
ಅಪ್ಪಣೆ ಅವನಿಗೆ ಬರುವುದಿಲ್ಲ; ಕೇಳಿಸಿಕೊಳ್ಳುವುದು ಬರುತ್ತದೆ.

ಪಂಪು ತಳ್ಳಿದ್ದು ನೂರಾದರೆ
ಮನೆಗಳಿಗೆ ಮುಟ್ಟಿದ್ದು ಐವತ್ತೇಳು.
ಮಿಕ್ಕಿದ್ದಕ್ಕೆ ಸರ್ಕಾರಿ ನಮೂನೆಯಲ್ಲಿ ಹೆಸರಿದೆ:
ಲೆಕ್ಕಕ್ಕೆ ಸಿಗದ ನೀರು.
"ನಲವತ್ತಮೂರು! ಎಲ್ಲಿ ಹೋಗುತ್ತಿದೆ ಅಷ್ಟೊಂದು?"
ಪಟ್ಟಣದ ಎಂಜಿನಿಯರು ಫೋನಿನಲ್ಲಿ ಕೇಳುತ್ತಾನೆ.
ಕೆಳಗೆ, ಎನ್ನುತ್ತೇನೆ. ನೀರು ಮತ್ತೆಲ್ಲಿಗೆ ಹೋದೀತು?

ಫೆಬ್ರವರಿ. ಪೈಪು ಹೆಪ್ಪುಗಟ್ಟೀತೆಂದು ಊರಿಗೆ ಊರೇ
ನಲ್ಲಿಯನ್ನು ದಾರದಷ್ಟು ಬಿಟ್ಟು ಮಲಗುವ ತಿಂಗಳು.
ಟ್ಯಾಂಕು ಗಂಟೆಗೊಂದು ಗೇಣು ಇಳಿಯುತ್ತಿತ್ತು.
ರಾತ್ರಿ ಎರಡಕ್ಕೆ ಹೊರಟೆವು, ಟಾರ್ಚು ನನ್ನದು, ಕಿವಿ ಅವನದು.
ಹಿಮ ಕೆದಕಿ, ಮುಚ್ಚಳ ಎಬ್ಬಿಸಿ, ಮೊಣಕಾಲೂರಿ
ಮನೆಮನೆಯ ನಾಡಿ ಹಿಡಿದ.
ಅಲ್ಫ್ರೀಡಾ ಬಂಜಿಯ ಮನೆ: ಕಕ್ಕಸಿನ ತೊಟ್ಟಿ ಸೋರುತ್ತಿದೆ.
ಪಾದ್ರಿಯ ಮನೆ: ಈ ಹೊತ್ತಿನಲ್ಲಿ ಯಾರೋ ಸ್ನಾನ ಮಾಡುತ್ತಿದ್ದಾರೆ,
ಬರೆದುಕೊಳ್ಳಬೇಡ.
ಮಗು ಹುಟ್ಟಿದ ಮನೆ: ಸರಿ, ಸರಿ, ಮುಂದೆ.
ಊರಲ್ಲಿ ಯಾರಿಗೆ ನಿದ್ದೆಯಿಲ್ಲ ಎಂಬುದು
ಇಪ್ಪತ್ತು ವರ್ಷದಿಂದ ಗೊತ್ತು ಇವನಿಗೆ.
ಬಾಯಿ, ಬಿಗಿದ ವಾಲ್ವು.

ಕೊನೆಗೆ ಮೀನಿನ ಕಾರ್ಖಾನೆ.
ಕಾಡ್ ಮೀನು ಮುಗಿದ ವರ್ಷ ಬೀಗ ಬಿದ್ದದ್ದು,
ಆ ಬೀಗವೂ ತುಕ್ಕು ತಿಂದು ಉದುರಿದೆ.
ನಕ್ಷೆಯಲ್ಲಿ ಮುಚ್ಚಿದೆ ಎಂದೇ ಬರೆದ ವಾಲ್ವಿನ ಮೇಲೆ
ಬಹಳ ಹೊತ್ತು ಬಗ್ಗಿದ್ದ.
ಆಮೇಲೆ ದೊಣ್ಣೆ ನನ್ನ ಕೈಗಿತ್ತು, ಕೇಳು, ಎಂದ.

ಕೇಳಿದೆ.
ಹದಿನೆಂಟರ ನಾನು, ರಬ್ಬರ್ ಏಪ್ರನ್ನು, ಉದ್ದನೆಯ ಮೇಜು,
ಎಡಗಡೆ ಡಲ್ಸಿ, ಬಲಗಡೆ ಯಾರೋ ಗುನುಗುತ್ತ,
ಚಾಕುವಿನ ಮೇಲೆ, ಬೆರಳ ಮೇಲೆ, ಸಿಗಿದ ಹೊಟ್ಟೆಗಳ ಮೇಲೆ
ಎಂಟು ತಾಸೂ ನಿಲ್ಲದ ನೀರು.
ಅದೇ ಸದ್ದು. ಪಾಳಿ ಇನ್ನೂ ಮುಗಿದೇ ಇಲ್ಲ.
ನೆಲದಡಿ ಪೈಪು ಒಡೆದು, ಎಷ್ಟು ಚಳಿಗಾಲದಿಂದಲೋ
ಇಲ್ಲದ ಮೀನನ್ನು ತೊಳೆದು ತೊಳೆದು
ಕಡಲಿಗೆ ಸುರಿಯುತ್ತಿದ್ದೆವು, ಕ್ಲೋರಿನ್ ಬೆರೆಸಿ.

ಉದ್ದದ ಕೀಲಿ ಹಾಕಿ ತಿರುಗಿಸಿದ. ಇಪ್ಪತ್ತೆರಡು ಸುತ್ತು.
ಕೊನೆಯ ಸುತ್ತಿಗೆ ನನ್ನ ಕಿವಿಯೊಳಗೆ ಯಾರೋ
ದೀಪ ಆರಿಸಿ ಹೊರಟ ಹಾಗಾಯಿತು.

ಬೆಳಿಗ್ಗೆ ಟ್ಯಾಂಕು ತುಂಬಿತ್ತು. ದೂರಿನ ಪುಸ್ತಕವೂ.
ಒತ್ತಡ ಏರಿ ಅಲ್ಫ್ರೀಡಾಳ ನಲ್ಲಿ ಕೆಮ್ಮಿ ಕೆಮ್ಮಿ ತುಕ್ಕು ಉಗುಳಿತಂತೆ:
"ಇಷ್ಟು ದಿನ ಚಹಾ ಕೊಟ್ಟಿರಿ, ಈಗ ಟೊಮೆಟೊ ಸೂಪೇ?"
ಎಂಜಿನಿಯರಿಗೆ ಮಾತ್ರ ಖುಷಿ. ಒಂಬತ್ತು! ಬರೇ ಒಂಬತ್ತು!

ಶುಕ್ರವಾರ ಗಾರ್ಲ್ಯಾಂಡ್ ಬಂದು ಕಿಟಕಿಗೆ ನಿಂತ.
ಕೊಲ್ಲಿಯೆಲ್ಲ ಗಡ್ಡೆಗಟ್ಟಿದರೂ ಕಾರ್ಖಾನೆಯ ಕಟ್ಟೆಯಡಿ
ಒಂದು ಕೋಣೆಯಷ್ಟು ನೀರು ಯಾವಾಗಲೂ ತೆರೆದೇ ಇರುತ್ತಿತ್ತು,
ಕಡಲಬಾತುಗಳು ಚಳಿ ಕಳೆಯುತ್ತಿದ್ದದ್ದು ಅಲ್ಲಿ.
ಈಗ ಗಡ್ಡೆಯ ಮೇಲೆ ನಿಂತಿದ್ದವು, ಏಳು,
ಸಾಮಾನು ಬೀದಿಗೆ ಹಾಕಿಸಿಕೊಂಡ ಬಾಡಿಗೆಯವರ ಹಾಗೆ.

ಏನೂ ಹೇಳಲಿಲ್ಲ ಅವನು. ಕೀಲಿ ಹೆಗಲಿಗೇರಿಸಿ ಇಳಿದುಹೋದ.
ಕಿಟಕಿಯಿಂದ ಎಣಿಸಿದೆ: ಒಂದು ಸುತ್ತು. ಇನ್ನೊಂದು ಅರ್ಧ.

ಸೋಮವಾರದ ಲೆಕ್ಕ ಹನ್ನೆರಡು.
ಫೋನು ಹೊಡೆದುಕೊಳ್ಳುತ್ತಿದೆ.
ಹೊಡೆದುಕೊಳ್ಳಲಿ, ಕೆಟಲಿನ ನೀರು ಇನ್ನೂ ಕುದಿ ಬಂದಿಲ್ಲ.